ಸುಪ್ರಾ ಮರಳಿ ಬಂತು, ಅಭಿಮಾನಿಗಳು ಮುನಿಸಿಕೊಂಡರು: ಪದೇ ಪದೇ ಕೇಳುವ ಪ್ರಶ್ನೆಗಳು

2019ರ ಜನವರಿಯಲ್ಲಿ ಡೆಟ್ರಾಯಿಟ್‌ನ ಮೋಟಾರು ಪ್ರದರ್ಶನದಲ್ಲಿ ಟೊಯೊಟಾ ತನ್ನ ಸ್ಪೋರ್ಟ್ಸ್ ಕಾರು ಸುಪ್ರಾದ ಹೊಸ ತಲೆಮಾರನ್ನು ಜನರ ಮುಂದಿಟ್ಟಿತು. ಹಳೆಯದರ ತಯಾರಿಕೆ ನಿಂತು ಆಗಲೇ ಹದಿನೇಳು ವರ್ಷವಾಗಿತ್ತು. ಅಷ್ಟು ಕಾಲ ಕಾದವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಮುಖ ತಿರುಗಿಸಿದರು, ಇನ್ನು ಕೆಲವರು ಎರಡನ್ನೂ ಒಟ್ಟಿಗೇ ಮಾಡಿದರು. ಅಂದಿನಿಂದ ಈ ಕಾರಿನ ಬಗ್ಗೆ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ನಾನು ಯಾರ ಪಕ್ಷ ಎಂಬುದನ್ನೂ ಮುಚ್ಚಿಡುವುದಿಲ್ಲ. ಅಭಿಮಾನಿಗಳ ಸಿಟ್ಟು ಸುಳ್ಳಲ್ಲ, ಆದರೆ ಅದು ಬಹಳ ಕಾಲ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು.

ಸುಪ್ರಾ ಎಂದರೆ ಇಷ್ಟೊಂದು ಆವೇಶ ಏಕೆ? ಅದೂ ಒಂದು ಟೊಯೊಟಾ ತಾನೇ?

ಟೊಯೊಟಾ ಆಗಿದ್ದುದೇ ಅರ್ಧ ಕಾರಣ. ಕೆಡದ, ಸದ್ದು ಮಾಡದ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಕಾರುಗಳಿಗೆ ಹೆಸರಾದ ಕಂಪನಿ ಯುರೋಪಿನ ದುಬಾರಿ ಕಾರುಗಳ ಬೆನ್ನು ಹತ್ತಬಲ್ಲ ಯಂತ್ರವೊಂದನ್ನು ಮಾಡಿತು ಎಂಬುದೇ ಕೇಳಲು ಚೆಂದದ ಕಥೆ.

ಸುಪ್ರಾ ಎಂಬ ಹೆಸರು ಹುಟ್ಟಿದ್ದು 1978ರಲ್ಲಿ, ಸೆಲಿಕಾ ಕಾರಿನ ಬಾಲಂಗೋಚಿಯಾಗಿ. 1986ರಲ್ಲಿ ಅದು ಸೆಲಿಕಾದಿಂದ ಬೇರೆಯಾಗಿ ಸ್ವತಂತ್ರ ಕಾರಾಯಿತು. ಆದರೆ ಇಂದು ಯಾರಾದರೂ ‘ಹಳೆಯ ಸುಪ್ರಾ’ ಎಂದರೆ ಅವರ ಕಣ್ಣಮುಂದೆ ಇರುವುದು 1993ರ ನಾಲ್ಕನೆಯ ತಲೆಮಾರು, ಅಂದರೆ ಎ80. ಅದರ ಎಂಜಿನ್ 2ಜೆಝಡ್-ಜಿಟಿಇ: ಮೂರು ಲೀಟರ್, ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಒಂದಾದ ಮೇಲೊಂದು ಕೆಲಸಕ್ಕಿಳಿಯುವ ಎರಡು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ), ಎರಕದ ಕಬ್ಬಿಣದ ಬ್ಲಾಕ್ (ಎಂಜಿನ್ನಿನ ಮೂಲ ಮೈ). ಜಪಾನಿನ ತಯಾರಕರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಒಪ್ಪಂದದ ಕಾರಣ ಅಲ್ಲಿ ಅದರ ಶಕ್ತಿಯನ್ನು 280 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಎಂದೇ ಬರೆಯುತ್ತಿದ್ದರು. ಅಮೆರಿಕಕ್ಕೆ ಹೋದದ್ದು 320 ಅಶ್ವಶಕ್ತಿಯದು. ಕಾಗದದ ಮೇಲಿನ ಈ ಅಂಕಿಗಳು ಯಾರಿಗೂ ಮುಖ್ಯವಾಗಲಿಲ್ಲ. ಆ ಕಬ್ಬಿಣದ ಬ್ಲಾಕ್ ಎಷ್ಟು ಗಟ್ಟಿಯೆಂದರೆ, ದೊಡ್ಡ ಟರ್ಬೊ ಕೂರಿಸಿ, ಇಂಧನದ ವ್ಯವಸ್ಥೆ ಬದಲಿಸಿ ಸಾವಿರ ಅಶ್ವಶಕ್ತಿ ತೆಗೆದವರು ಎಲ್ಲ ದೇಶಗಳಲ್ಲೂ ಹುಟ್ಟಿಕೊಂಡರು. 2001ರಲ್ಲಿ ಬಂದ ಹಾಲಿವುಡ್ ಸಿನಿಮಾವೊಂದರ ಕಿತ್ತಳೆ ಬಣ್ಣದ ಸುಪ್ರಾ ಉಳಿದ ಕೆಲಸ ಮುಗಿಸಿತು. ಆ ಸಿನಿಮಾಕ್ಕೆ ಬಳಸಿದ ಕಾರು 2021ರ ಹರಾಜಿನಲ್ಲಿ 5,50,000 ಡಾಲರಿಗೆ ಹೋಯಿತು.

ಅಭಿಮಾನಿಗಳು ಹೇಳಲು ಹಿಂಜರಿಯುವ ಮಾತೊಂದು ಇಲ್ಲಿದೆ. ಮಳಿಗೆಯಲ್ಲಿ ಹೊಸದಾಗಿ ಸಿಗುತ್ತಿದ್ದಾಗ ಈ ಕಾರನ್ನು ಕೊಂಡವರು ಕಡಿಮೆ. ಅಮೆರಿಕದಲ್ಲಿ 1998ಕ್ಕೇ ಮಾರಾಟ ನಿಂತಿತು, ಜಪಾನಿನಲ್ಲಿ 2002ರವರೆಗೆ ಕುಂಟುತ್ತಾ ನಡೆಯಿತು. ಸಿನಿಮಾ ನೋಡಿ ಹುಚ್ಚು ಹಿಡಿಸಿಕೊಂಡ ಅಮೆರಿಕದ ಹುಡುಗರಿಗೆ ಕೊಳ್ಳಲು ಹೊಸ ಸುಪ್ರಾ ಎಂಬುದೇ ಇರಲಿಲ್ಲ. ಹೀಗಾಗಿ ಹೆಚ್ಚಿನವರ ಮನಸ್ಸಿನಲ್ಲಿ ಕೂತದ್ದು ಕಾರ್ಖಾನೆಯಿಂದ ಬಂದ ಕಾರಲ್ಲ, ಯಾರೋ ಗ್ಯಾರೇಜಿನಲ್ಲಿ ಬಿಚ್ಚಿ ಕಟ್ಟಿದ ಕಾರು. ದೂರದ ಬೆಟ್ಟ ನುಣ್ಣಗೆ ಕಾಣುವುದು ಹೀಗೆಯೇ. ಹೊಸ ಸುಪ್ರಾ ಸ್ಪರ್ಧಿಸಬೇಕಾಗಿ ಬಂದದ್ದು ಆ ಬೆಟ್ಟದೊಂದಿಗೆ.

ಹೊಸ ಸುಪ್ರಾ ನಿಜವಾಗಿ ಬಿಎಂಡಬ್ಲ್ಯು ಕಾರೇ?

ಬಹಳಷ್ಟು ಮಟ್ಟಿಗೆ ಹೌದು. ಹೌದು ಎಂದು ಒಪ್ಪಿಕೊಂಡೇ ಮಾತು ಮುಂದುವರಿಸುವುದು ಒಳ್ಳೆಯದು.

ಎಂಜಿನ್ ಬಿಎಂಡಬ್ಲ್ಯುವಿನ ಬಿ58: ಮೂರು ಲೀಟರ್, ಸಾಲಿನ ಆರು ಸಿಲಿಂಡರ್, ಒಂದೇ ಟರ್ಬೊ. ಜೊತೆಗಿದ್ದ ಗೇರ್‌ಬಾಕ್ಸ್ ಜರ್ಮನಿಯ ಝಡ್‌ಎಫ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್. ಕಾರು ತಯಾರಾದದ್ದು ಜಪಾನಿನಲ್ಲಲ್ಲ, ಆಸ್ಟ್ರಿಯಾದ ಗ್ರಾಟ್ಸ್ ನಗರದ ಮ್ಯಾಗ್ನಾ ಸ್ಟೈರ್ ಕಾರ್ಖಾನೆಯಲ್ಲಿ, ಬಿಎಂಡಬ್ಲ್ಯು ಝಡ್4 ತಯಾರಾದ ಅದೇ ಸೂರಿನಡಿ. ಬಾನೆಟ್ ಎತ್ತಿ ಬಗ್ಗಿ ನೋಡಿದವರಿಗೆ ಒಂದೊಂದು ಭಾಗದ ಮೇಲೂ ಬಿಎಂಡಬ್ಲ್ಯುವಿನ ಗುರುತು ಕಣ್ಣಿಗೆ ಬೀಳುತ್ತದೆ. ಒಳಗೆ ಕೂತರೆ ಪರದೆಯನ್ನು ನಡೆಸುವ ದುಂಡು ಗುಂಡಿ, ಗೇರಿನ ಸನ್ನೆ, ಎಸಿಯ ಗುಂಡಿಗಳು, ಎಲ್ಲ ಅಲ್ಲಿಂದ ಬಂದವೇ. ಎಲ್ಲಕ್ಕಿಂತ ತಮಾಷೆಯದು ಜಪಾನಿನ ಚಾಲಕರಿಗೆ ಎದುರಾದದ್ದು. ಜಪಾನಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೇರಿಂಗಿನ ಬಲಕ್ಕೆ ಇರುತ್ತದೆ. ಈ ‘ಜಪಾನಿ’ ಕಾರಿನಲ್ಲಿ ಅದು ಎಡಕ್ಕಿದೆ, ಯುರೋಪಿನ ಕಾರುಗಳಂತೆ. ಬಲಕ್ಕೆ ತಿರುಗಲು ಹೊರಟ ಕೈ ಅಭ್ಯಾಸಬಲದಿಂದ ಕಡ್ಡಿ ತಳ್ಳುತ್ತದೆ, ಒಣ ಗಾಜಿನ ಮೇಲೆ ವೈಪರ್ ಕಿರ್ ಎನ್ನುತ್ತದೆ. ಮೂವತ್ತು ವರ್ಷ ಟೊಯೊಟಾ ಓಡಿಸಿದವನಿಗೆ ಇದಕ್ಕಿಂತ ಚಿಕ್ಕ ಅವಮಾನವೂ ಇಲ್ಲ, ದೊಡ್ಡ ಅವಮಾನವೂ ಇಲ್ಲ.

ಹಾಗಾದರೆ ಟೊಯೊಟಾ ಮಾಡಿದ್ದೇನು? ಹೊರ ಆಕಾರ, ಸಸ್ಪೆನ್ಷನ್ ಮತ್ತು ಸ್ಟೇರಿಂಗಿನ ಹದ, ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡವಳಿಕೆ ಅದರದು. ಮುಖ್ಯ ಎಂಜಿನಿಯರ್ ಆಗಿದ್ದ ತೆತ್ಸುಯಾ ತಾದಾ ಹೇಳುತ್ತ ಬಂದ ಪ್ರಕಾರ, ಮೂಲ ಅಳತೆಗಳನ್ನು ಒಟ್ಟಿಗೆ ನಿಶ್ಚಯಿಸಿದ ಮೇಲೆ ಎರಡೂ ತಂಡಗಳು ತಮ್ಮತಮ್ಮ ದಾರಿ ಹಿಡಿದವು. ಆ ಅಳತೆಗಳಲ್ಲೇ ಟೊಯೊಟಾದ ಹಟ ಕಾಣುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2470 ಮಿಲಿಮೀಟರ್, ಅಂದರೆ ಟೊಯೊಟಾದ ಚಿಕ್ಕ ಸ್ಪೋರ್ಟ್ಸ್ ಕಾರು 86ಕ್ಕಿಂತ ಸರಿಯಾಗಿ 100 ಮಿಲಿಮೀಟರ್ ಕಡಿಮೆ. ಅಗಲಕ್ಕೆ ಹೋಲಿಸಿದರೆ ಇಷ್ಟು ಗಿಡ್ಡಗಿದ್ದರೆ ಕಾರು ತಿರುವಿಗೆ ತಟ್ಟನೆ ಬಗ್ಗುತ್ತದೆ. ಝಡ್4 ಬಟ್ಟೆಯ ಛಾವಣಿ ತೆರೆದು ಹಾಯಾಗಿ ಹೋಗುವ ಕಾರು. ಸುಪ್ರಾಕ್ಕೆ ಗಟ್ಟಿ ಛಾವಣಿ ಬಿಟ್ಟರೆ ಬೇರೆಯದಿಲ್ಲ. ಅಡಿಪಾಯ ಒಂದೇ, ಮೇಲೆ ಎದ್ದ ಮನೆಗಳು ಬೇರೆ.

ಅಷ್ಟು ದೊಡ್ಡ ಕಂಪನಿ ತನ್ನದೇ ಎಂಜಿನ್ ಮಾಡಿಕೊಳ್ಳಬಹುದಿತ್ತಲ್ಲ?

ಮಾಡಬಹುದಿತ್ತು. ಮಾಡಿದ್ದರೆ ಕಾರಿನ ಬೆಲೆ ನೋಡಿ ಇದೇ ಅಭಿಮಾನಿಗಳು ಇನ್ನೊಂದು ಬಗೆಯಲ್ಲಿ ಕೂಗಾಡುತ್ತಿದ್ದರು.

ಆರು ಸಿಲಿಂಡರ್ ಒಂದೇ ಸಾಲಿನಲ್ಲಿರಬೇಕು, ಎಂಜಿನ್ ಮುಂದಿರಬೇಕು, ತಿರುಗುವ ಚಕ್ರ ಹಿಂದಿರಬೇಕು: ಇವು ಸುಪ್ರಾ ಎಂಬ ಹೆಸರಿಗೆ ಅಂಟಿಕೊಂಡ ಷರತ್ತುಗಳು. ಆ ಹೊತ್ತಿಗೆ ಟೊಯೊಟಾದ ಆರು ಸಿಲಿಂಡರ್ ಎಂಜಿನ್‌ಗಳೆಲ್ಲ ವಿ ಆಕಾರಕ್ಕೆ ಹೊರಳಿದ್ದವು. ಜೆಝಡ್ ಕುಟುಂಬ ಮುಗಿದು ವರ್ಷಗಳೇ ಆಗಿದ್ದವು. ವರ್ಷಕ್ಕೆ ಕೆಲವೇ ಸಾವಿರ ಮಾರಾಟವಾಗುವ ಎರಡು ಸೀಟಿನ ಕಾರಿಗೋಸ್ಕರ ಮಾಲಿನ್ಯದ ನಿಯಮಗಳನ್ನೆಲ್ಲ ದಾಟುವ ಹೊಸ ಎಂಜಿನ್ ಕಟ್ಟುವುದೆಂದರೆ ಯಾವ ಲೆಕ್ಕಪತ್ರದವರೂ ಒಪ್ಪುವುದಿಲ್ಲ. ಸಾಲಿನ ಆರು ಸಿಲಿಂಡರನ್ನು ಕೈಬಿಡದೆ ಹಿಡಿದುಕೊಂಡಿದ್ದದ್ದು ಬಿಎಂಡಬ್ಲ್ಯು. ಎರಡೂ ಕಂಪನಿಗಳ ಸಹಕಾರದ ಮಾತು 2011ರ ಕೊನೆಯಲ್ಲೇ ಆರಂಭವಾಗಿತ್ತು, ಸ್ಪೋರ್ಟ್ಸ್ ಕಾರು ಮುಂದಿನ ವರ್ಷ ಆ ಪಟ್ಟಿಗೆ ಸೇರಿತು.

ಆದರೂ ಹಳೆಯದು ಅಪ್ಪಟ ಟೊಯೊಟಾ ಆಗಿತ್ತಲ್ಲವೇ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಣ್ಣ ಖುಷಿ. ಎ80 ಟರ್ಬೊದ ಆರು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್ ಇದೆಯಲ್ಲ, ಅಭಿಮಾನಿಗಳು ಹುಡುಕಿ ಹುಡುಕಿ ಭಾರಿ ಬೆಲೆ ಕೊಟ್ಟು ಕೊಳ್ಳುವ ವಿ160, ಅದು ಗೆಟ್ರಾಗ್ ಎಂಬ ಕಂಪನಿಯದು. ಗೆಟ್ರಾಗ್ ಜರ್ಮನಿಯದು. ಅಪ್ಪಟ ಜಪಾನಿ ಕಾರಿನ ಹೃದಯಕ್ಕೆ ತಾಗಿದಂತೆ ಜರ್ಮನಿಯ ಹಲ್ಲುಚಕ್ರಗಳು ಮೂವತ್ತು ವರ್ಷದಿಂದ ತಿರುಗುತ್ತಿವೆ, ಯಾರಿಗೂ ಮೈಲಿಗೆಯಾಗಿಲ್ಲ.

ಇನ್ನೂ ಹಿಂದೆ ಹೋಗಿ. ಜಪಾನಿನಲ್ಲೂ ಹೀಗೊಂದು ಕಾರು ಹುಟ್ಟಬಹುದೆಂದು ಜಗತ್ತಿಗೆ ತೋರಿಸಿದ ಟೊಯೊಟಾ 2000ಜಿಟಿಯನ್ನು (1967ರಿಂದ 1970, ಒಟ್ಟು 351 ಕಾರು) ರೂಪಿಸುವುದರಲ್ಲೂ ಕಟ್ಟುವುದರಲ್ಲೂ ಯಮಹಾದ ಕೈ ದೊಡ್ಡದು. ಹೊಸ ಸುಪ್ರಾದ ಛಾವಣಿಯಲ್ಲಿ ಕಾಣುವ ಎರಡು ಉಬ್ಬು ಆ ಕಾರಿಗೆ ಸಲ್ಲಿಸಿದ ನಮಸ್ಕಾರ. 86 ಕಾರಿನ ಎಂಜಿನ್ ಸುಬಾರುವಿನದು. ಸ್ಪೋರ್ಟ್ಸ್ ಕಾರು ಮಾಡಲು ಹೊರಟಾಗಲೆಲ್ಲ ಟೊಯೊಟಾ ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗಿದೆ. ಈ ಸಲ ಕರೆದದ್ದು ನೆರೆಯವರನ್ನಲ್ಲ, ಅಷ್ಟೇ ವ್ಯತ್ಯಾಸ.

ಹಾಗೆಂದು ಅಭಿಮಾನಿಗಳಿಗೆ ನೋವಾಗಬಾರದಿತ್ತು ಎನ್ನುವುದಿಲ್ಲ. ಗೇರ್‌ಬಾಕ್ಸ್ ಒಳಗಿರುತ್ತದೆ, ಕಾಣುವುದಿಲ್ಲ. ದಿನವೂ ಕೈಯಿಟ್ಟು ತಿರುಗಿಸುವ ಗುಂಡಿ ಕಾಣುತ್ತದೆ. ಅದನ್ನಾದರೂ ತನ್ನದೇ ಮಾಡಿ ಹಾಕಬಹುದಿತ್ತು.

ಮೈಮೇಲಿನ ಸುಳ್ಳು ಗಾಳಿಕಿಂಡಿಗಳ ವಿಷಯ ಏನು?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತು ಈ ಕಾರಿಗಾಗಿಯೇ ಹುಟ್ಟಿದಂತಿದೆ. ಬಾನೆಟ್ ಮೇಲೆ, ಬಾಗಿಲ ಮೇಲೆ, ಹಿಂದಿನ ಬಂಪರಿನ ಅಂಚಿನಲ್ಲಿ ಕಪ್ಪು ಕಿಂಡಿಗಳು. ಬೆರಳು ತೂರಿಸಲು ಹೋದರೆ ಪ್ಲಾಸ್ಟಿಕ್ ತಡೆಯುತ್ತದೆ. ಅನೇಕ ಕಿಂಡಿಗಳು ಬರೀ ಅಲಂಕಾರ. ಮಾರ್ಪಾಡು ಮಾಡುವವರು ಅವನ್ನು ಕತ್ತರಿಸಿ ತೆರೆದು ನಿಜವಾಗಿಯೂ ಗಾಳಿ ಹರಿಸಿಕೊಳ್ಳಬಹುದು, ಅದಕ್ಕೆಂದೇ ಜಾಗ ಬಿಟ್ಟಿದ್ದೇವೆ ಎಂದು ತಾದಾ ಸಮಜಾಯಿಷಿ ಕೊಟ್ಟರು. ಸಮಜಾಯಿಷಿ ಜಾಣತನದ್ದು, ಆದರೆ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಹೊಸ ಕಾರು ಕೊಂಡವನ ಕೈಗೆ ಗರಗಸ ಕೊಟ್ಟು ಉಳಿದದ್ದು ನೀನೇ ಕೊಯ್ದುಕೋ ಎನ್ನುವುದು ಯಾವ ನ್ಯಾಯ?

ಆಕಾರದ ಬಗ್ಗೆ ಇದ್ದ ಇನ್ನೊಂದು ದೂರು 2014ರ ಎಫ್‌ಟಿ-1 ಎಂಬ ಮಾದರಿ ಕಾರಿನದು. ಕ್ಯಾಲಿಫೋರ್ನಿಯಾದ ವಿನ್ಯಾಸ ಕೇಂದ್ರದಲ್ಲಿ ರೂಪುಗೊಂಡ ಆ ಮಾದರಿ ಉದ್ದವಾಗಿ, ಅಗಲವಾಗಿ, ನೆಲಕ್ಕೆ ಅಂಟಿಕೊಂಡಂತಿತ್ತು. ಐದು ವರ್ಷದ ನಂತರ ಅದೇ ಗೆರೆಗಳನ್ನು ಚಿಕ್ಕ ಮೈಗೆ ಹಿಸುಕಿ ತಂದಾಗ ಬಟ್ಟೆ ಬಿಗಿಯಾದಂತೆ ಕಂಡಿತು. ಬೀದಿಯಲ್ಲಿ ಎದುರಿಗೆ ಕಂಡಾಗ ಚಿತ್ರಕ್ಕಿಂತ ಚೆನ್ನಾಗಿದೆ, ಅದನ್ನೂ ಹೇಳಿಬಿಡುತ್ತೇನೆ.

ಮ್ಯಾನುಯಲ್ ಗೇರ್ ಇಲ್ಲದ್ದಕ್ಕೆ ಅಷ್ಟು ಗಲಾಟೆ ಏಕೆ? ಆಟೊಮ್ಯಾಟಿಕ್ ವೇಗವಾಗಿಯೇ ಇತ್ತಲ್ಲ?

ವೇಗವಾಗಿತ್ತು. ಆದರೆ ವೇಗವೇ ಬೇಕಿದ್ದವರು ಸುಪ್ರಾದ ಹೆಸರು ಹಿಡಿದು ಹದಿನೇಳು ವರ್ಷ ಕೂರುತ್ತಿರಲಿಲ್ಲ. ಎಡಗಾಲಿಗೆ ಕ್ಲಚ್, ಕೈಗೆ ಗೇರು, ತಿರುವಿನ ಮೊದಲು ಗೇರ್ ಇಳಿಸುವಾಗ ಎಂಜಿನ್ ಏರಿಸುವ ಹಿಮ್ಮಡಿಯ ಚಳಕ, ತಪ್ಪಿದರೆ ಕಾರು ಮುಗ್ಗರಿಸುವ ಅಪಾಯ. ಅವರು ಕಾದಿದ್ದು ಇದಕ್ಕೆ. ಅಭಿಮಾನಿಗಳ ದೂರುಗಳ ರಾಶಿಯಲ್ಲಿ ಪೂರ್ತಿ ನ್ಯಾಯವಾದದ್ದು ಯಾವುದು ಎಂದು ಕೇಳಿದರೆ ಇದು ಎನ್ನುತ್ತೇನೆ. ಎಂಜಿನ್ ಯಾರದ್ದೆಂಬುದು ಕಾರು ನಿಂತಿರುವಾಗಿನ ಚರ್ಚೆ. ಗೇರು ಇಲ್ಲದ್ದು ಓಡಿಸುವಾಗ ಪ್ರತಿ ನಿಮಿಷವೂ ಕಾಡುತ್ತದೆ.

ಕಂಪನಿ ಮೂರು ವರ್ಷದ ನಂತರ ಮಣಿಯಿತು. 2022ರ ಏಪ್ರಿಲ್‌ನಲ್ಲಿ ಆರು ಗೇರಿನ ಮ್ಯಾನುಯಲ್ ಘೋಷಣೆಯಾಯಿತು, ಅದೂ ಮೂರು ಲೀಟರಿನ ದೊಡ್ಡ ಎಂಜಿನ್ನಿಗೆ ಮಾತ್ರ. ಕಾಟಾಚಾರಕ್ಕೆ ಮಾಡಿದ ಕೆಲಸವಲ್ಲ ಅದು. ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತವನ್ನು 3.15ರಿಂದ 3.46ಕ್ಕೆ ಬದಲಿಸಿದರು, ಹಾಗಾಗಿ ಗೇರು ಹಾಕಿದ ಕೂಡಲೇ ಕಾರು ಮುನ್ನುಗ್ಗುತ್ತದೆ. ಗೇರಿನ ಹಿಡಿಯ ತೂಕವನ್ನೇ 200 ಗ್ರಾಂಗೆ ನಿಗದಿಪಡಿಸಿದರು. ಆ ತೂಕದಿಂದಾಗಿ ಹಿಡಿ ತನ್ನ ಓಘದಲ್ಲೇ ಮುಂದಿನ ಗೇರಿಗೆ ಜಾರಿಕೊಳ್ಳುತ್ತದೆ, ಕೈ ನೂಕಬೇಕಿಲ್ಲ. ಹಿಂಭಾಗದ ‘ಸುಪ್ರಾ’ ಅಕ್ಷರಗಳಿಗೆ ಕೆಂಪು ಬಳಿದರು, ಹಿಂದೆ ಬರುವವನಿಗೆ ಒಳಗೆ ಮೂರು ಪೆಡಲ್ ಇವೆ ಎಂದು ತಿಳಿಯಲಿ ಎಂಬಂತೆ. ಇಷ್ಟೆಲ್ಲ ಬಲ್ಲವರು ಮೊದಲ ದಿನವೇ ಏಕೆ ಕೊಡಲಿಲ್ಲ ಎಂಬುದು ಮಾತ್ರ ನನಗೆ ನುಂಗಲಾಗದ ತುತ್ತು.

ನಾಲ್ಕು ಸಿಲಿಂಡರಿನ ಸುಪ್ರಾ ಹೆಸರಿಗೇ ಕಳಂಕವಲ್ಲವೇ?

ಹೊಸ ಸುಪ್ರಾ ನಾಲ್ಕು ಸಿಲಿಂಡರಿನ ಚಿಕ್ಕ ಎಂಜಿನ್ನಿನಲ್ಲೂ ಬಂತು. ಎರಡು ಲೀಟರಿನ ಆ ಕಾರು ಅಗ್ಗ, ಮೂಗು ಹಗುರ, ತಿರುವಿನಲ್ಲಿ ಚುರುಕು. ಹೆಸರಿನ ಶುದ್ಧಿಯ ಬಗ್ಗೆ ವಾದಿಸುವವರಿಗೆ ಒಂದು ನೆನಪು: 1990ರ ದಶಕದಲ್ಲಿ ಜಪಾನಿನ ಜಿಟಿ ರೇಸುಗಳಲ್ಲಿ ಗೆದ್ದ, ಆಟಿಕೆಗಳಾಗಿ ಪೋಸ್ಟರುಗಳಾಗಿ ಮನೆಮನೆ ಸೇರಿದ ಎ80 ರೇಸ್ ಕಾರುಗಳಲ್ಲಿ ಇದ್ದದ್ದು 2ಜೆಝಡ್ ಅಲ್ಲ. ಎರಡು ಲೀಟರಿನ, ನಾಲ್ಕು ಸಿಲಿಂಡರಿನ 3ಎಸ್ ಟರ್ಬೊ. ಹಗುರವಾಗಿದೆ ಎಂದೇ ತಂಡಗಳು ಅದನ್ನು ಆರಿಸಿಕೊಂಡಿದ್ದವು.

2ಜೆಝಡ್‌ನಂತೆ ಬಿ58 ಕೂಡ ಮಾರ್ಪಾಡಿಗೆ ಒಗ್ಗುತ್ತದೆಯೇ?

ಆರಂಭದಲ್ಲಿ ಎಲ್ಲರೂ ತಲೆಯಾಡಿಸಿ ಇಲ್ಲ ಎಂದರು. ಕಬ್ಬಿಣದ ಬದಲು ಅಲ್ಯುಮಿನಿಯಂ ಬ್ಲಾಕ್, ಬೀಗ ಹಾಕಿದ ಕಂಪ್ಯೂಟರ್, ಇನ್ನೇನು ಸಾಧ್ಯ ಎಂಬ ಧಾಟಿ. ಮೊದಲ ಕಾರುಗಳು ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಹತ್ತಿದಾಗಲೇ ಅಚ್ಚರಿ ಕಾದಿತ್ತು. ಅಮೆರಿಕದಲ್ಲಿ ಕಂಪನಿ ಎಂಜಿನ್ನಿಗೆ ಬರೆದಿದ್ದದ್ದು 335 ಅಶ್ವಶಕ್ತಿ. ಚಕ್ರದವರೆಗೆ ಬರುವಷ್ಟರಲ್ಲಿ ಒಂದಿಷ್ಟು ಸೋರಿಹೋಗುವುದು ಸಹಜ. ಆದರೆ ಹಲವು ಪರೀಕ್ಷೆಗಳಲ್ಲಿ ಚಕ್ರದ ಬಳಿಯೇ ಸರಿಸುಮಾರು ಅಷ್ಟು ಸಿಕ್ಕಿತು, ಅಂದರೆ ಎಂಜಿನ್ ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತಿತ್ತು. 2021ರ ಮಾದರಿಗೆ ಕಂಪನಿಯೇ ಆ ಅಂಕಿಯನ್ನು 382ಕ್ಕೆ ಏರಿಸಿತು. ಗ್ಯಾರೇಜಿನವರು ದೊಡ್ಡ ಟರ್ಬೊ ಹಾಕಿ ಸಾವಿರದ ಗೆರೆ ದಾಟಿಸಲು ಬಹಳ ದಿನ ಬೇಕಾಗಲಿಲ್ಲ. ಬಿಎಂಡಬ್ಲ್ಯು ಎಂಜಿನ್ ಎಂದು ಮೂಗು ಮುರಿದಿದ್ದ ಗುಂಪಿನಲ್ಲಿ ಮೊದಲು ಸದ್ದಡಗಿದ್ದು ಈ ಟ್ಯೂನಿಂಗ್‌ನವರದು. ಅವರ ದೇವರು ಅಂಕಿ, ಅಂಕಿ ಬಂತು, ಕೈಮುಗಿದರು.

ಕಿಟಕಿ ಇಳಿಸಿದರೆ ಕಿವಿ ಬಡಿಯುತ್ತದೆಯಂತೆ, ನಿಜವೇ?

ನಿಜ. ಸ್ವಲ್ಪ ವೇಗದಲ್ಲಿ ಹೋಗುವಾಗ ಕಿಟಕಿ ಇಳಿಸಿದರೆ ಒಳಗಿನ ಗಾಳಿ ಡೊಳ್ಳು ಬಾರಿಸಿದಂತೆ ಧಬ್ ಧಬ್ ಎನ್ನುತ್ತದೆ. ಕನ್ನಡಿಯ ಬುಡಕ್ಕೆ ಅಂಟಿಸುವ ಬೆರಳಗಲದ ಪ್ಲಾಸ್ಟಿಕ್ ತುಂಡುಗಳನ್ನು ಬೇರೆಯವರು ತಯಾರಿಸಿ ಮಾರುತ್ತಾರೆ, ಬಹುಪಾಲು ಅದರಿಂದ ಸರಿಹೋಗುತ್ತದೆ. ನಿಜವಾದ ಕೆಲಸ ಮಾಡುವ ಪ್ಲಾಸ್ಟಿಕ್ ತುಂಡನ್ನು ಮಾತ್ರ ಕಾರ್ಖಾನೆಯವರು ಮರೆತರು ಎಂಬ ತಮಾಷೆಯೊಂದು ಚಾಲ್ತಿಯಲ್ಲಿದೆ.

ಬೇರೆ ಹಳೆಯ ಹೆಸರುಗಳು ಮರಳಿದಾಗಲೂ ಹೀಗೇ ಆಯಿತೇ?

ಒಂದೊಂದಕ್ಕೆ ಒಂದೊಂದು ಬಗೆ. ಹೋಲಿಕೆಗೆ ನಾನು ಮೊದಲು ಎತ್ತಿಕೊಳ್ಳುವುದು ಫ್ರಾನ್ಸಿನ ಆಲ್ಪೀನ್ ಎ110. 1962ರಲ್ಲಿ ಬಂದು 1973ರ ಮೊದಲ ವಿಶ್ವ ರ‍್ಯಾಲಿ ತಯಾರಕರ ಪಟ್ಟ ಗೆದ್ದ ಪುಟ್ಟ ಕಾರು ಅದು. 2017ರಲ್ಲಿ ಹೊಸ ಎ110 ಬಂದಾಗ ಮೊದಲ ಆವೃತ್ತಿಯ 1955 ಕಾರುಗಳು ಕೆಲವೇ ದಿನಗಳಲ್ಲಿ ಕಾಯ್ದಿರಿಸಿ ಮುಗಿದವು (1955 ಆಲ್ಪೀನ್ ಕಂಪನಿ ಹುಟ್ಟಿದ ವರ್ಷ). ಸುಪ್ರಾದ ಮೇಲೆ ಹೊರಿಸಿದ ಆರೋಪಗಳೆಲ್ಲ ಇದಕ್ಕೂ ಹೊಂದುತ್ತವೆ. ಮ್ಯಾನುಯಲ್ ಗೇರ್ ಇಲ್ಲ. ಎಂಜಿನ್ ರೆನೊ ಮನೆಯ ಸಾಮಾನ್ಯ 1.8 ಲೀಟರ್ ಟರ್ಬೊ. ಅದೂ ಹಳೆಯ ಕಾರಿನಂತೆ ಹಿಂದಿನ ಚಕ್ರಗಳ ಆಚೆ ಇಲ್ಲ, ನಡುವೆ ಬಂದು ಕೂತಿದೆ. ಆದರೂ ದೂರುಗಳು ಕ್ಷೀಣ. ತೂಕ ಸುಮಾರು 1100 ಕಿಲೊ, ಕಟ್ಟಿದ್ದು ಮೊದಲಿನಂತೆ ದಿಯೆಪ್ ಊರಿನಲ್ಲೇ. ಹಳೆಯ ಕಾರಿನ ಗುಣ ಹಗುರತನ, ಆ ಒಂದನ್ನು ಬಿಟ್ಟುಕೊಡಲಿಲ್ಲ, ಉಳಿದದ್ದನ್ನು ಜನ ಕ್ಷಮಿಸಿದರು.

ಹೋಂಡಾ ಎನ್‌ಎಸ್‌ಎಕ್ಸ್ ಇದರ ತಿರುವುಮುರುವು. 1990ರ ಮೂಲ ಕಾರು ಸರಳ, ಅಲ್ಯುಮಿನಿಯಂ ಮೈಯದು. 2016ರ ಹೊಸದರಲ್ಲಿ ಎರಡು ಟರ್ಬೊದ ವಿ6 ಜೊತೆಗೆ ಮೂರು ವಿದ್ಯುತ್ ಮೋಟಾರು, ತೂಕ 1700 ಕಿಲೊ ದಾಟಿತು. ಜಾಣ ಕಾರು ಎಂದು ಎಲ್ಲರೂ ಹೊಗಳಿದರು, ಕೊಂಡವರು ಕಡಿಮೆ. 2022ಕ್ಕೆ ಮುಗಿಯಿತು.

ಲ್ಯಾಂಬೊರ್ಗಿನಿ 2021ರಲ್ಲಿ ಕೌಂಟಾಶ್ ಹೆಸರಿನಲ್ಲಿ 112 ಕಾರುಗಳನ್ನು ಘೋಷಿಸಿದಾಗ ಮುನಿಸಿಕೊಂಡದ್ದು ಮೂಲ ಕಾರಿನ ವಿನ್ಯಾಸಕಾರ ಮಾರ್ಚೆಲ್ಲೊ ಗಾಂದಿನಿಯೇ. ಇದಕ್ಕೂ ನನಗೂ ಸಂಬಂಧವಿಲ್ಲ ಎಂದು ಬಹಿರಂಗವಾಗಿ ತಿಳಿಸಿದರು. ಸದಾ ಮುಂದಿನದನ್ನು ನೋಡುತ್ತಿದ್ದ ಮನುಷ್ಯನಿಗೆ ತನ್ನದೇ ಹಳೆಯ ಗೆರೆಗಳ ಮೆರವಣಿಗೆ ಬೇಡವಾಗಿತ್ತು. ಫಿಯೆಟ್ 124 ಸ್ಪೈಡರ್ ಸುಪ್ರಾದ ಕನ್ನಡಿ ಪ್ರತಿಬಿಂಬ: ಅಡಿಪಾಯ ಜಪಾನಿನ ಮಜ್ದಾದ್ದು, ಹೊರ ಆಕಾರ ಮತ್ತು ಎಂಜಿನ್ ಇಟಲಿಯವು, ಕಟ್ಟಿದ್ದು ಹಿರೋಶಿಮಾದಲ್ಲಿ. ಜನ ಅದಕ್ಕೆ ‘ಫಿಯಾಟಾ’ ಎಂದು ಹೆಸರಿಟ್ಟು ನಕ್ಕು ಸುಮ್ಮನಾದರು. ಕೆಲವು ಹೆಸರುಗಳಿಗೆ ಜಗಳವಾಡುವಷ್ಟು ಅಭಿಮಾನಿಗಳೇ ಇರುವುದಿಲ್ಲ.

ಬೈದವರು ಆಮೇಲೆ ಮನಸ್ಸು ಬದಲಿಸಿದರೇ?

ಓಡಿಸಿದವರಲ್ಲಿ ಅನೇಕರು ಬದಲಿಸಿದರು. ಗಿಡ್ಡ ಮೈ, ಹಿಂದಿನ ಚಕ್ರಗಳ ಮೇಲೆಯೇ ಕೂತಂತಿರುವ ಆಸನ, ಕೆಳಗಿನಿಂದಲೇ ಒದಗುವ ಎಳೆತ, ಇವು ಸ್ಟೇರಿಂಗ್ ಹಿಡಿಯದೆ ತಿಳಿಯುವ ಸಂಗತಿಗಳಲ್ಲ. ಓಡಿಸದವರ ಅಭಿಪ್ರಾಯ ಮೊದಲಿನಂತೆಯೇ ಇದೆ, ಅದು ಬದಲಾಗಲು ಕಾರಣವೂ ಇಲ್ಲ.

ಹೊಸ ಸುಪ್ರಾ ಬಂದಾಗ ಟೊಯೊಟಾದ ಅಧ್ಯಕ್ಷರಾಗಿದ್ದ ಅಕಿಯೊ ಟೊಯೊಡಾ ಹೇಳಿಕೊಂಡಿರುವ ಒಂದು ಪ್ರಸಂಗ ನನಗೆ ಈ ಜಗಳದಲ್ಲಿ ಆಗಾಗ ನೆನಪಾಗುತ್ತದೆ. ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಹಾದಿಯಲ್ಲಿ ಹಿರಿಯ ಪರೀಕ್ಷಾ ಚಾಲಕ ಹಿರೋಮು ನಾರುಸೆ ಅವರ ಬಳಿ ಆತ ಚಾಲನೆ ಕಲಿಯುತ್ತಿದ್ದ ದಿನಗಳು. ಬೇರೆ ಕಂಪನಿಗಳು ಇನ್ನೂ ಮಾರುಕಟ್ಟೆಗೆ ಬಾರದ ಹೊಸ ಕಾರುಗಳನ್ನು ತಂದು ಅಲ್ಲಿ ಪರೀಕ್ಷಿಸುತ್ತಿದ್ದರೆ, ಟೊಯೊಟಾದ ಮನೆಯ ಮಗನ ಕೈಯಲ್ಲಿ ತಯಾರಿಕೆ ನಿಂತುಹೋದ ಹಳೆಯ ಸುಪ್ರಾ. ಪಕ್ಕದಿಂದ ಹಾಯ್ದುಹೋಗುವ ಜರ್ಮನ್ ಕಾರುಗಳು ‘ನಿಮ್ಮಲ್ಲಿ ಇಂಥದ್ದು ಹೊಸದು ಏನೂ ಇಲ್ಲವಲ್ಲ’ ಎಂದಂತೆ ಆತನಿಗೆ ಅನಿಸುತ್ತಿತ್ತಂತೆ. ಕೊನೆಗೆ ಆತ ಹೊಸದನ್ನು ತಂದದ್ದು ಅದೇ ಜರ್ಮನರ ಎಂಜಿನ್ ಹಾಕಿ. ಇದನ್ನು ಸೋಲು ಎಂದು ಓದುವವರೂ ಇದ್ದಾರೆ. ನಾನು ಹಾಗೆ ಓದುವುದಿಲ್ಲ, ಆದರೆ ಅವರೊಂದಿಗೆ ವಾದಿಸುವುದನ್ನು ಬಿಟ್ಟಿದ್ದೇನೆ.

ಕೊನೆಯ ಆವೃತ್ತಿ ಎಂದರೆ ಯಾವುದು?

2024ರ ನವೆಂಬರ್‌ನಲ್ಲಿ ಟೊಯೊಟಾ ‘ಎ90 ಫೈನಲ್ ಎಡಿಷನ್’ ಪ್ರಕಟಿಸಿತು (ಎ90 ಎಂದರೆ ಈ ಹೊಸ ಸುಪ್ರಾ). ಒಟ್ಟು 300 ಕಾರು. ಎಂಜಿನ್ ಅದೇ ಬಿ58, ಶಕ್ತಿ 441 ಪಿಎಸ್. ಆಟೊಮ್ಯಾಟಿಕ್ ಬೇಕೆಂದರೂ ಅದರಲ್ಲಿ ಸಿಗುವುದಿಲ್ಲ, ಮ್ಯಾನುಯಲ್ ಮಾತ್ರ.